ಹತ್ತಿರ ಹೋದಷ್ಟೂ ಫೋಟೋ ಕೆಡುತ್ತದೆ: ಓತಿ, ಹಲ್ಲಿ, ಹಾವುರಾಣಿಗಳ ಮ್ಯಾಕ್ರೋ

ಪ್ರಶ್ನೆ: ಸರ್, ಒಂದು ವರ್ಷದಿಂದ ಮ್ಯಾಕ್ರೋ, ಅಂದರೆ ಚಿಕ್ಕ ಜೀವಿಗಳ ತೀರಾ ಹತ್ತಿರದ ಫೋಟೋ ತೆಗೆಯುತ್ತಿದ್ದೇನೆ. ಮೊದಲು ಹೂವು, ಇರುವೆ, ಚಿಟ್ಟೆ. ಈಗ ಓತಿಕ್ಯಾತ, ಹಲ್ಲಿ, ಹಾವುರಾಣಿಗಳ ಹುಚ್ಚು ಹಿಡಿದಿದೆ. 100 ಎಂಎಂ ಮ್ಯಾಕ್ರೋ ಲೆನ್ಸ್, ಒಂದು ಸಾಧಾರಣ ಫ್ಲ್ಯಾಷ್ ಇದೆ. ನಾನು ಹತ್ತಿರ ಹೋಗುವಷ್ಟರಲ್ಲಿ ಓಡಿಹೋಗುತ್ತವೆ. ಓಡದೆ ಕೂತರೂ ಕಣ್ಣು ಶಾರ್ಪ್ ಬಂದರೆ ಮೂತಿ ಮಸುಕು, ಮೂತಿ ಬಂದರೆ ಕಣ್ಣು ಮಸುಕು. ಹಾವುರಾಣಿ ಮೈಮೇಲಂತೂ ಫ್ಲ್ಯಾಷ್‌ನ ಬಿಳಿ ಚುಕ್ಕೆಗಳೇ. ಗೆಳೆಯರೊಬ್ಬರು "ಹಿಡಿದು ಹತ್ತು ನಿಮಿಷ ಫ್ರಿಜ್‌ನಲ್ಲಿಡಿ, ಬೊಂಬೆ ಥರ ಕೂರುತ್ತೆ, ಎಲ್ಲರೂ ಮಾಡೋದೇ ಹಾಗೆ" ಅಂದರು. ಹೋದ ತಿಂಗಳು ಒಂದು ಹಲ್ಲಿ ಹಿಡಿಯಲು ಹೋದೆ, ಅದರ ಬಾಲ ನನ್ನ ಕೈಯಲ್ಲೇ ಉಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಅದು ಸತ್ತುಹೋಗಿರುತ್ತದಾ? ಫ್ಲ್ಯಾಷ್‌ನಿಂದ ಅವುಗಳ ಕಣ್ಣು ಹೋಗುತ್ತದೆ ಅನ್ನುವುದು ನಿಜವಾ? ಮುಂದೆ ಚಿಕ್ಕ ಹಾವುಗಳನ್ನೂ ತೆಗೆಯುವ ಆಸೆ ಇದೆ. ಎರಡು ಫೋಟೋ ಕಳಿಸಿದ್ದೇನೆ. ಒಂದರಲ್ಲಿ ಓತಿಕ್ಯಾತ ಬಾಯಿ ತೆರೆದು ನಗುತ್ತಿರುವ ಹಾಗಿದೆ. ಇನ್ನೊಂದರಲ್ಲಿ ಫೋಕಸ್ ತಪ್ಪಿ ನೆತ್ತಿಯ ಮೇಲೆ ಬಿದ್ದಿದೆ, ಡಿಲೀಟ್ ಮಾಡೋಣ ಅಂತಿದ್ದೆ.

ಉತ್ತರ: ಮೊದಲು ಬಾಲದ ವಿಷಯ ಮುಗಿಸೋಣ, ನಿದ್ದೆ ಕೆಟ್ಟಿದ್ದು ಅದಕ್ಕೇ ಅಲ್ವಾ.

ಆ ಹಲ್ಲಿ ಬದುಕಿರುವ ಸಾಧ್ಯತೆಯೇ ಜಾಸ್ತಿ. ಬಾಲವನ್ನು ನೀವು ಕಿತ್ತಿಲ್ಲ, ಅದೇ ಕಳಚಿ ಕೊಟ್ಟು ಹೋಗಿದೆ. ಹಲ್ಲಿಯ ಬಾಲದ ಮೂಳೆಗಳಲ್ಲಿ ಹುಟ್ಟುವಾಗಲೇ ಸೀಳುಗೆರೆಗಳಿರುತ್ತವೆ. ಎರಡು ಮೂಳೆ ಸೇರುವ ಜಾಗದಲ್ಲಿ ಇರಬಹುದು ಅಂದುಕೊಳ್ಳುತ್ತೇವೆ, ಆದರೆ ಇರುವುದು ಒಂದೊಂದು ಮೂಳೆಯ ನಡುಮಧ್ಯದಲ್ಲಿ. ಜೀವಕ್ಕೆ ಬಂತು ಅನ್ನಿಸಿದಾಗ ಅಲ್ಲಿನ ಸ್ನಾಯು ಬಿಗಿದು ಬಾಲ ಆ ಗೆರೆಯಲ್ಲೇ ಮುರಿಯುತ್ತದೆ, ರಕ್ತನಾಳದ ಬಾಯಿಯೂ ಆಗಲೇ ಮುಚ್ಚಿಕೊಳ್ಳುತ್ತದೆ. ನಿಮ್ಮ ಕೈಗೆ ರಕ್ತ ಅಷ್ಟಾಗಿ ಹತ್ತಿರಲಿಕ್ಕಿಲ್ಲ, ನೆನಪಿಸಿಕೊಳ್ಳಿ.

ಹಾಗಂತ ಅದಕ್ಕೆ ನಷ್ಟವೇ ಆಗಿಲ್ಲ ಅಂತಲ್ಲ. ಬಹಳಷ್ಟು ಹಲ್ಲಿಗಳು ಕೊಬ್ಬು ಕೂಡಿಡುವುದು ಬಾಲದಲ್ಲೇ. ಅಂದರೆ ಹುಳ ಸಿಗದ ದಿನಗಳಿಗೆ ಅಂತ ಎತ್ತಿಟ್ಟ ಗಂಟನ್ನೇ ಅದು ನಿಮ್ಮ ಕೈಗೆ ಕೊಟ್ಟು ಓಡಿದೆ. ಬಾಲ ಮತ್ತೆ ಬೆಳೆಯುತ್ತದೆ, ಆದರೆ ಒಳಗೆ ಮೂಳೆಯ ಸರ ಇರುವುದಿಲ್ಲ, ಮೆದುಮೂಳೆಯ ಒಂದು ಕಡ್ಡಿ ಇರುತ್ತದೆ. ಆ ಹೊಸ ಭಾಗದಲ್ಲಿ ಸೀಳುಗೆರೆ ಇಲ್ಲದ್ದರಿಂದ ಮುಂದಿನ ಸಲ ಇನ್ನೂ ಮೇಲಕ್ಕೆ, ಹಳೆಯ ಬಾಲ ಉಳಿದಿರುವ ಕಡೆ ಮುರಿಯಬೇಕು. ಬೆಳೆಯುವ ತನಕ ಬೆಕ್ಕೋ ಹಕ್ಕಿಯೋ ಬಂದರೆ ಕೊಡಲು ಏನೂ ಇಲ್ಲ. ಇದೆಲ್ಲ ಎಲ್ಲ ಜಾತಿಗೂ ಒಂದೇ ಅಲ್ಲ ಅನ್ನುವುದೂ ಗೊತ್ತಿರಲಿ. ಗೋಸುಂಬೆ ಬಾಲ ಕಳಚುವುದೇ ಇಲ್ಲ. ಓತಿಕ್ಯಾತದ ಬಾಲ ಹಲ್ಲಿಯ ಹಾಗೆ ಸಲೀಸಾಗಿ ಕಳಚುವುದಿಲ್ಲ, ತುಂಡಾದರೆ ಹಲ್ಲಿಯ ಹಾಗೆ ಮತ್ತೆ ಬರುವುದೂ ಇಲ್ಲ. ಮಡಗಾಸ್ಕರ್ ಕಡೆಯ ದೊಡ್ಡ ಹುರುಪೆಯ ಹಲ್ಲಿಗಳಂತೂ ಬಾಲದ ಜೊತೆ ಮೈಚರ್ಮವನ್ನೇ ಬಿಚ್ಚಿ ಕೊಟ್ಟು ಗುಲಾಬಿ ಬಣ್ಣದ ಬರಿಮೈಯಲ್ಲಿ ಓಡುತ್ತವೆ. ಹಾಗಾಗಿ ಹಿಡಿಯುವ ಪ್ರಶ್ನೆಗೆ ನನ್ನ ಉತ್ತರ ಗಿಡ್ಡ: ಹಿಡಿಯಬೇಡಿ.

ಇನ್ನು ಫ್ರಿಜ್. ಈ ಸಲಹೆ ಕೊಡುವವರು ಒಬ್ಬರಿಗೊಬ್ಬರು ಸಾಕ್ಷಿ, ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅನ್ನುವ ಹಾಗೆ. "ಶೀತರಕ್ತದ ಪ್ರಾಣಿ ತಾನೇ, ತಣ್ಣಗಿದ್ದರೆ ಅದಕ್ಕೇನೂ ಆಗಲ್ಲ" ಅನ್ನುವುದು ಅವರ ವಾದ. ಇದು ತಲೆಕೆಳಗು. ಶೀತರಕ್ತ ಅಂದರೆ ತಣ್ಣಗಿರಲು ಇಷ್ಟ ಅಂತಲ್ಲ, ಮೈ ಬಿಸಿಯನ್ನು ಒಳಗಿಂದ ಹುಟ್ಟಿಸಿಕೊಳ್ಳಲು ಬರುವುದಿಲ್ಲ ಅಂತ. ಬಿಸಿಲು ಕಾಯಿಸಿಯೇ ಅವು ಕೆಲಸಕ್ಕೆ ತಯಾರಾಗುವುದು. ಹಗಲಲ್ಲಿ ಓಡಾಡುವ ಎಷ್ಟೋ ಓತಿಗಳ ಮೈ ಚುರುಕಾಗಿರುವುದು 30 ಡಿಗ್ರಿಯಿಂದ ಮೇಲೆ. ಮನೆ ಫ್ರಿಜ್ ಒಳಗೆ ಸುಮಾರು 4 ಡಿಗ್ರಿ. ಐದಾರು ಗ್ರಾಂ ತೂಕದ ಜೀವ ಆ ಚಳಿಗೆ ಇಳಿಯಲು ಬಹಳ ಹೊತ್ತು ಬೇಡ. ಇಳಿದಾಗ ಸ್ನಾಯು ಮಾತ್ರ ನಿಲ್ಲುವುದಿಲ್ಲ. ಹೊಟ್ಟೆಯಲ್ಲಿ ಅರೆಯುತ್ತಿದ್ದ ಹುಳವೂ ಅಲ್ಲೇ ನಿಲ್ಲುತ್ತದೆ, ಉಸಿರೂ ಹೃದಯವೂ ನಿಧಾನವಾಗುತ್ತವೆ. ಅದು ಸುಮ್ನೆ ಕೂತಿದೆ ಅಂತ ನಿಮಗೆ ಕಾಣುತ್ತದೆ, ಅದಕ್ಕೆ ಎಲ್ಲ ಗೊತ್ತಾಗುತ್ತಿರಬಹುದು, ಓಡಲು ಮಾತ್ರ ಆಗುತ್ತಿಲ್ಲ. ಫೋಟೋ ಮುಗಿಸಿ ಬೇಲಿ ಬುಡದಲ್ಲಿ ಬಿಟ್ಟು ಬಂದಿರಿ ಅನ್ನಿ. ಮೈ ಮತ್ತೆ ಬಿಸಿಯಾಗುವ ತನಕ ಅದು ಬಟ್ಟಲಲ್ಲಿ ಬಡಿಸಿಟ್ಟ ಊಟ.

ದಯೆಯ ಮಾತು ಪಕ್ಕಕ್ಕಿಡಿ, ಫೋಟೋ ಆದರೂ ಚೆನ್ನಾಗಿ ಬರುತ್ತದಾ? ಅದೂ ಇಲ್ಲ. ತಣ್ಣಗಾದ ಓತಿಯ ಮೈಬಣ್ಣ ಕಪ್ಪಾಗುತ್ತದೆ, ಬಿಸಿಲನ್ನು ಜಾಸ್ತಿ ಹೀರಲು ಅದು ಮಾಡುವ ಉಪಾಯ ಅದು. ರೆಪ್ಪೆ ಅರ್ಧ ಮುಚ್ಚಿರುತ್ತದೆ. ಬೆರಳುಗಳು ಕೊಂಬೆಯನ್ನು ಹಿಡಿದಿರುವುದಿಲ್ಲ, ಕೊಂಬೆಯ ಮೇಲೆ ಬಿದ್ದಿರುತ್ತವೆ. ಈ ಜೀವಿಗಳನ್ನು ಹತ್ತಿರದಿಂದ ನೋಡಿದವರಿಗೆ ಒಂದು ನೋಟಕ್ಕೇ ಗೊತ್ತಾಗಿಬಿಡುತ್ತದೆ. ಎಲೆಯನ್ನು ಗಿಟಾರ್ ಥರ ಹಿಡಿದ ಹಲ್ಲಿ, ಕಪ್ಪೆಯನ್ನು ಬೆನ್ನ ಮೇಲೆ ಕೂರಿಸಿಕೊಂಡ ಓತಿ, ಇಂಥ ಫೋಟೋ ನೋಡಿದಾಗಲೂ ಮೊದಲು ಬೆರಳು ನೋಡಿ. ಸಹಜವಾಗಿ ಕೂತ ಪ್ರಾಣಿಯ ಬೆರಳುಗಳಿಗೆ ಕೆಲಸ ಇರುತ್ತದೆ.

ಈಗ ನಿಮ್ಮ ಉಳಿದ ಮೂರು ದೂರುಗಳಿಗೆ ಬರುತ್ತೇನೆ: ಓಡಿಹೋಗುತ್ತವೆ, ಮೂತಿ ಮಸುಕಾಗುತ್ತದೆ, ಮೈಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಇವನ್ನು ನೀವು ಬೇರೆ ಬೇರೆ ಸಮಸ್ಯೆ ಅಂತ ಬರೆದಿದ್ದೀರಿ. ಮೊದಲ ಎರಡರ ಬೇರು ಒಂದೇ, ಮೂರನೆಯದಕ್ಕೂ ಅದರ ಎಳೆ ತಾಗಿದೆ. ನೀವು ತೀರಾ ಹತ್ತಿರ ಹೋಗುತ್ತಿದ್ದೀರಿ.

ಇರುವೆ, ಚಿಟ್ಟೆಯ ರೆಕ್ಕೆ ತೆಗೆದು ಅಭ್ಯಾಸ ಆದವರಿಗೆ ಮ್ಯಾಕ್ರೋ ಅಂದರೆ 1:1 (ಪ್ರಾಣಿಯ ನಿಜ ಗಾತ್ರವೇ ಕ್ಯಾಮೆರಾದ ಸೆನ್ಸರ್ ಮೇಲೆ ಬೀಳುವುದು; 1:2 ಅಂದರೆ ಅದರ ಅರ್ಧ) ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 1:1 ಅಂದರೆ ಚೌಕಟ್ಟಿನ ಒಳಗೆ ಹಿಡಿಸುವುದು 36 ಮಿ.ಮೀ. ಅಗಲ, ಅಷ್ಟೇ. ಮನೆಹಲ್ಲಿಯ ಮೈಯೇ, ಬಾಲ ಬಿಟ್ಟು, ಐದಾರು ಸೆಂ.ಮೀ. ಇರುತ್ತದೆ. ಅದಕ್ಕೆ 1:2 ಧಾರಾಳ ಸಾಕು. ಬೆಳೆದ ಓತಿಕ್ಯಾತಕ್ಕೆ 1:4ಕ್ಕಿಂತಲೂ ಹಿಂದೆ ಸರಿಯಬೇಕಾಗುತ್ತದೆ. ನಿಜವಾಗಿ 1:1 ಬೇಕಾಗುವ ಸರೀಸೃಪಗಳು ಬಹಳ ಕಡಿಮೆ. ಮಡಗಾಸ್ಕರ್‌ನಲ್ಲಿ 2021ರಲ್ಲಿ ವಿವರಿಸಲಾದ ಬ್ರೂಕೇಸಿಯಾ ನಾನಾ ಎಂಬ ಗೋಸುಂಬೆ ಇದೆ, ಅದರ ಗಂಡು ಮೂತಿಯಿಂದ ಬಾಲದ ಬುಡದವರೆಗೆ 13.5 ಮಿ.ಮೀ. ಅದು ಸಿಕ್ಕರೆ 1:1 ಇಡಿ, ನಾನೂ ಬರುತ್ತೇನೆ.

ದೂರದ ಲೆಕ್ಕ ನೋಡಿ. ಸಾಮಾನ್ಯವಾಗಿ 100 ಎಂಎಂ ಮ್ಯಾಕ್ರೋ ಲೆನ್ಸ್ 1:1ಕ್ಕೆ ಹೋದಾಗ ಅದರ ಮುಂಗಾಜಿಗೂ ಪ್ರಾಣಿಗೂ ನಡುವೆ 13ರಿಂದ 15 ಸೆಂ.ಮೀ. ಉಳಿಯುತ್ತದೆ. ಒಂದು ಗೇಣೂ ಇಲ್ಲ. ಹುಡ್ ಹಾಕಿ, ಫ್ಲ್ಯಾಷ್‌ನ ಡಿಫ್ಯೂಸರ್ (ಬೆಳಕನ್ನು ಹರಡಿ ಮೆತ್ತಗಾಗಿಸುವ ಹಾಳೆ) ಮುಂದಕ್ಕೆ ಚಾಚಿದರೆ ಬೆರಳಗಲವೇ ಉಳಿಯಬಹುದು. 1:2ರಲ್ಲಿ ಹೆಚ್ಚುಕಮ್ಮಿ ಒಂದು ಗೇಣು ಸಿಗುತ್ತದೆ, 1:4ರಲ್ಲಿ ಒಂದು ಮೊಳದ ಹತ್ತಿರ. ಹುಳುವಿಗೂ ಓತಿಗೂ ಇರುವ ವ್ಯತ್ಯಾಸ ಇಲ್ಲೇ. ಓತಿ ನಿಮ್ಮನ್ನು ನೋಡುತ್ತದೆ, ಅಳೆಯುತ್ತದೆ, ಇವನು ಇನ್ನು ಎಷ್ಟು ಹತ್ತಿರ ಬಂದರೆ ಓಡಬೇಕು ಅಂತ ಅದರದ್ದೇ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಆ ಗೆರೆ ಗೇಣಿನ ಒಳಗೆ ಇರುವುದು ಅಪರೂಪ.

ಮೂತಿ ಮಸುಕಾಗುವುದೂ ಇದೇ ಲೆಕ್ಕದಿಂದ. ಎಫ್ 11 (ಲೆನ್ಸಿನ ಬೆಳಕಿನ ತೂತಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು) ಇಟ್ಟುಕೊಂಡು 1:1ರಲ್ಲಿ ತೆಗೆದರೆ ಶಾರ್ಪ್ ಆಗಿ ಬರುವ ಆಳ ಸುಮಾರು 1.3 ಮಿ.ಮೀ. ಹಲ್ಲಿಯ ಕಣ್ಣಿನಿಂದ ಮೂತಿಗೆ ಇರುವ ದೂರ ಅದರ ಹಲವು ಪಟ್ಟು. ಅಂದಮೇಲೆ ಮೂತಿ ಮಸುಕಾಗದೆ ಏನಾಗುತ್ತದೆ? ಅದೇ ಎಫ್ 11, 1:2ರಲ್ಲಿ ಆಳ ಸುಮಾರು 4 ಮಿ.ಮೀ., 1:4ರಲ್ಲಿ ಸುಮಾರು 13 ಮಿ.ಮೀ. ಹಿಂದೆ ಸರಿದು ತೆಗೆದು ಆಮೇಲೆ ಕ್ರಾಪ್ ಮಾಡಿ. ಕ್ರಾಪ್ ಮಾಡಿದಾಗ ಆ ಲಾಭದಲ್ಲಿ ಒಂದಷ್ಟು ಸೋರಿಹೋಗುತ್ತದೆ ನಿಜ, ಪೂರ್ತಿ ಹೋಗುವುದಿಲ್ಲ. 24 ಮೆಗಾಪಿಕ್ಸೆಲ್ ಚಿತ್ರದ ಉದ್ದ ಅಗಲ ಎರಡನ್ನೂ ಅರ್ಧ ಮಾಡಿದರೆ 6 ಮೆಗಾಪಿಕ್ಸೆಲ್ ಉಳಿಯುತ್ತದೆ, ಪರದೆಗೂ ಪುಸ್ತಕದ ಅಳತೆಯ ಪ್ರಿಂಟಿಗೂ ಅದು ಸಾಲುತ್ತದೆ. ಅದರ ಬದಲು ಎಫ್ 22ಕ್ಕೆ, 32ಕ್ಕೆ ತಿರುಗಿಸುವ ಆಸೆ ಬರುತ್ತದೆ, ನನಗೂ ಬರುತ್ತಿತ್ತು. 1:1ರಲ್ಲಿ ಎಫ್ 11 ಅಂದರೇ ಬೆಳಕಿನ ಲೆಕ್ಕದಲ್ಲಿ ಎಫ್ 22 ಆಗಿರುತ್ತದೆ. ಇನ್ನೂ ಮುಚ್ಚಿದರೆ ಬೆಳಕು ಚದುರಿ ಕಣ್ಣೂ ಮೂತಿಯೂ ಒಟ್ಟಿಗೇ ಮೆತ್ತಗಾಗುತ್ತವೆ.

ಇನ್ನೊಂದು ಸುಲಭದ ದಾರಿ ಇದೆ, ಖರ್ಚಿಲ್ಲದ್ದು. ಮುಂದಿನಿಂದ ತೆಗೆಯುವುದನ್ನು ಬಿಟ್ಟು ಪಕ್ಕಕ್ಕೆ ಬನ್ನಿ. ಪ್ರಾಣಿಯ ಮಗ್ಗುಲು ಕ್ಯಾಮೆರಾದ ಬೆನ್ನಿಗೆ ಸರಿಸಮ ಇದ್ದರೆ ಕಣ್ಣು, ಮೂತಿ, ಕಿವಿಯ ತೂತು ಎಲ್ಲ ಒಂದೇ ಮಟ್ಟದಲ್ಲಿ ಸಿಗುತ್ತವೆ. ಮುಂದಿನಿಂದಲೇ ಬೇಕು ಅಂದರೆ ಮೂತಿ ಮಸುಕಾಗಲಿ ಬಿಡಿ, ಕಣ್ಣು ತಪ್ಪದಿದ್ದರೆ ಸಾಕು. ಹಲ್ಲಿಯ ಕಣ್ಣಿಗೆ ಫೋಕಸ್ ಹಾಕುವಾಗ ಮೇಲಿನ ಹೊಳಪಿಗೆ ಹಾಕಬೇಡಿ, ಪಾಪೆಯ ಸೀಳಿನ ಅಂಚಿಗೆ ಹಾಕಿ. ಆ ಅಂಚು ನೇರ ಗೆರೆಯಲ್ಲ, ಕಚ್ಚುಕಚ್ಚಾಗಿ ಇರುತ್ತದೆ. ಬೆಳಕಿನಲ್ಲಿ ಸೀಳು ಪೂರ್ತಿ ಮುಚ್ಚಿಕೊಂಡಾಗ ಕೆಲವು ಜಾತಿಗಳಲ್ಲಿ ಆ ಕಚ್ಚುಗಳು ಮಾತ್ರ ಸೂಜಿತೂತಿನ ಹಾಗೆ ಮೇಲಿಂದ ಕೆಳಕ್ಕೆ ಸಾಲಾಗಿ ತೆರೆದಿರುತ್ತವೆ. ಅದು ಶಾರ್ಪ್ ಆಗಿ ಸಿಕ್ಕ ದಿನ ಬಾಕಿ ಏನು ಮಸುಕಾದರೂ ಬೇಜಾರಾಗುವುದಿಲ್ಲ.

ಫೋಕಸ್ ಸರಿಸುತ್ತಾ ಹಲವು ಫ್ರೇಮ್ ತೆಗೆದು ಒಂದೇ ಚಿತ್ರವಾಗಿ ಕೂಡಿಸುವ ಫೋಕಸ್ ಸ್ಟ್ಯಾಕಿಂಗ್ ಬಗ್ಗೆ ನೀವು ಕೇಳಿಲ್ಲ, ಯಾರಾದರೂ ಹೇಳಿಯೇ ಹೇಳುತ್ತಾರೆ. ಎಚ್ಚರ ಇರುವ ಓತಿಯ ಗಂಟಲು ಆಡುತ್ತಲೇ ಇರುತ್ತದೆ, ಪಕ್ಕೆ ಏರಿಳಿಯುತ್ತದೆ. ಎಂಟು ಹತ್ತು ಫ್ರೇಮ್ ಸರಸರ ಹೊಡೆದರೆ ಕೆಲವೊಮ್ಮೆ ತಲೆಯ ಭಾಗ ಕೂಡುತ್ತದೆ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಲೆನ್ಸ್ ಬದಲಿಸಬೇಕಾ ಅನ್ನುವವರಿಗೆ: ಸದ್ಯ ಬೇಡ. ನಿಮ್ಮ ಬಳಿ ಹಳೆಯ 70-300 ಟೆಲಿ ಲೆನ್ಸ್ ಏನಾದರೂ ಮೂಲೆಯಲ್ಲಿ ಬಿದ್ದಿದೆಯಾ ನೋಡಿ. ಅದರ ಮುಂದೆ 2 ಡಯಾಪ್ಟರ್‌ನ ಒಳ್ಳೆಯ ಕ್ಲೋಸ್‌ಅಪ್ ಗಾಜು ತಿರುಗಿಸಿ ಹಾಕಿ, ಲೆನ್ಸನ್ನು 300ರ ತುದಿಯಲ್ಲಿ ಅನಂತಕ್ಕೆ ಫೋಕಸ್ ಇಟ್ಟರೆ ಅರ್ಧ ಮೀಟರ್ ದೂರದಿಂದ ನಿಜ ಗಾತ್ರದ 0.6 ಪಟ್ಟು, ಅಂದರೆ 1:2ಕ್ಕಿಂತ ತುಸು ದೊಡ್ಡದಾಗಿ ಸಿಗುತ್ತದೆ. 100 ಎಂಎಂ ಮ್ಯಾಕ್ರೋದಲ್ಲಿ ಅಷ್ಟೇ ಗಾತ್ರ ಬರಲು ಗೇಣಿನ ಒಳಗೆ ಹೋಗಬೇಕು. ಅಂಚುಗಳು ಸ್ವಲ್ಪ ಮೆತ್ತಗೆ ಬರುತ್ತವೆ, ಓತಿಯ ಫೋಟೋದಲ್ಲಿ ಅಂಚಿನಲ್ಲಿ ಇರುವುದು ಹೇಗೂ ಮಸುಕು ಎಲೆ. ಮೊಬೈಲ್‌ನವರಿಗೂ ಒಂದು ಮಾತು: ಫೋನ್‌ನ ಮ್ಯಾಕ್ರೋ ಮೋಡ್ ಬಹಳ ಸಲ ಅಗಲ ಲೆನ್ಸಿನಿಂದ ಕೆಲಸ ಮಾಡುತ್ತದೆ, ಎರಡು ಮೂರು ಸೆಂ.ಮೀ. ಹತ್ತಿರ ಹೋಗು ಅನ್ನುತ್ತದೆ. ಹೂವಿಗೆ ಸರಿ. ಹಲ್ಲಿಗೆ ಟೆಲಿ ಲೆನ್ಸ್ ಆರಿಸಿಕೊಂಡು ದೂರದಿಂದ ತೆಗೆಯಿರಿ.

ಬಿಳಿ ಚುಕ್ಕೆ. ಹಾವುರಾಣಿಯ ಹುರುಪೆ ನುಣುಪು, ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಒಂದೊಂದೂ ಒಂದು ಪುಟ್ಟ ಕನ್ನಡಿ. ಕನ್ನಡಿಯಲ್ಲಿ ಕಾಣುವುದು ಎದುರಿನ ದೀಪದ ಆಕಾರ. ದೀಪ ಚಿಕ್ಕದಾದರೆ ಚಿಕ್ಕ ಉರಿಚುಕ್ಕೆ, ದೊಡ್ಡದಾದರೆ ಮೆತ್ತನೆಯ ಹೊಳಪು. ಅದಕ್ಕೇ ಫ್ಲ್ಯಾಷ್ ಪವರ್ ಕಡಿಮೆ ಮಾಡಿದರೂ ಚುಕ್ಕೆ ಹೋಗಿರುವುದಿಲ್ಲ. ಬೆಳಕಿನ ಮೈಯನ್ನು ದೊಡ್ಡದು ಮಾಡಬೇಕು. ಹಾಲುಬಿಳುಪಿನ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಟ್ರೇಸಿಂಗ್ ಪೇಪರನ್ನೋ ಬಾಗಿಸಿ, ಫ್ಲ್ಯಾಷ್‌ನಿಂದ ಒಂದಷ್ಟು ಮುಂದೆ ಹಿಡಿದು ಕೂರಿಸಿ. ಫ್ಲ್ಯಾಷ್ ಮೂತಿಗೇ ಅಂಟಿಸಿದರೆ ಪ್ರಯೋಜನವಿಲ್ಲ, ಬೆಳಕು ಹಾಳೆಯ ತುಂಬ ಹರಡಲು ಜಾಗ ಬೇಕು. ಇಲ್ಲಿ ಒಂದು ಎಳೆದಾಟ ಇದೆ: ಡಿಫ್ಯೂಸರ್ ಪ್ರಾಣಿಗೆ ಹತ್ತಿರ ಇದ್ದಷ್ಟೂ ಬೆಳಕು ಮೆತ್ತಗೆ, ಹತ್ತಿರ ಹೋದಷ್ಟೂ ಪ್ರಾಣಿ ಓಡುತ್ತದೆ. ನಾನು ಹಾವುರಾಣಿಗೆ ಫ್ಲ್ಯಾಷ್ ಬಿಟ್ಟೇಬಿಟ್ಟೆ. ಮೋಡ ಕವಿದ ದಿನದ ಬೆಳಕಿಗಿಂತ ದೊಡ್ಡ ಡಿಫ್ಯೂಸರ್ ಯಾರ ಹತ್ತಿರವೂ ಇಲ್ಲ. ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಇನ್ನಷ್ಟು ತಗ್ಗುತ್ತದೆ, ಆದರೆ ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಬೆಳಕು ತಿನ್ನುತ್ತದೆ. ಹೊಳಪನ್ನು ಪೂರ್ತಿ ಅಳಿಸಬೇಡಿ, ಆಗ ಅದು ಹಾವುರಾಣಿಯ ಹಾಗೆ ಕಾಣುವುದಿಲ್ಲ.

ಫ್ಲ್ಯಾಷ್‌ನಿಂದ ಕಣ್ಣು ಹೋಗುತ್ತದಾ? ಹೋಗುತ್ತದೆ ಅನ್ನುವುದಕ್ಕೆ ಆಧಾರ ನಾನು ಕಂಡಿಲ್ಲ. ಏನೂ ಆಗುವುದೇ ಇಲ್ಲ ಅನ್ನುವವರ ಜೊತೆಗೂ ನಾನಿಲ್ಲ. ಸಮುದ್ರಕುದುರೆ ಮತ್ತು ಅಂಥ ಮೀನುಗಳ ಮೇಲೆ ನಡೆಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಫ್ಲ್ಯಾಷ್‌ಗಿಂತ ಅವುಗಳನ್ನು ಮುಟ್ಟಿ ಅಲುಗಾಡಿಸುವುದೇ ಹೆಚ್ಚು ತೊಂದರೆ ಕೊಡುತ್ತದೆ ಅಂತ ಅದರಲ್ಲಿ ಕಂಡುಬಂತು. ಮೀನು ಹಲ್ಲಿಯಲ್ಲ, ಸರಿ. ಆದರೂ ನನ್ನ ಅನುಭವವೂ ಅದನ್ನೇ ಹೇಳುತ್ತದೆ. ರಾತ್ರಿ ಓಡಾಡುವ ಹಲ್ಲಿಗಳ ವಿಷಯದಲ್ಲಿ ಮಾತ್ರ ಎರಡು ಪಟ್ಟು ಹುಷಾರು. ಅವುಗಳ ಕಣ್ಣು ಬೇರೆಯೇ ಸರಕು. ಹೆಲ್ಮೆಟ್ ಹಲ್ಲಿಯ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ನಮಗೆ ಬಣ್ಣವೇ ಕಾಣದಷ್ಟು ಮಂದ ಬೆಳದಿಂಗಳಲ್ಲೂ ಅದು ಬಣ್ಣ ಗುರುತಿಸಿತು. ಬಣ್ಣ ಕಾಣುವ ಆ ಮಿತಿಯಲ್ಲಿ ಅದರ ಕಣ್ಣು ನಮ್ಮದಕ್ಕಿಂತ ಸುಮಾರು 350 ಪಟ್ಟು ಸೂಕ್ಷ್ಮ ಅಂತ ಲೆಕ್ಕ ಹಾಕಿದ್ದಾರೆ. ಅದೂ ಅಲ್ಲದೆ ಬಹುಪಾಲು ಹಲ್ಲಿಗಳಿಗೆ ಮುಚ್ಚುವ ರೆಪ್ಪೆಯೇ ಇಲ್ಲ, ಕಣ್ಣಿನ ಮೇಲಿನ ಪಾರದರ್ಶಕ ಪೊರೆಯನ್ನು ನಾಲಗೆಯಿಂದ ನೆಕ್ಕಿ ಒರೆಸಿಕೊಳ್ಳುತ್ತವೆ. ಕಣ್ಣು ಮುಚ್ಚಲಾಗದ ಜೀವಕ್ಕೆ ಬೆಳಕು ಹಾಕುತ್ತಿದ್ದೇವೆ ಅನ್ನುವುದು ನೆನಪಿದ್ದರೆ ಸಾಕು, ಕೈ ತಾನೇ ಹಿಡಿತಕ್ಕೆ ಬರುತ್ತದೆ.

ನಾನು ಮಾಡುವುದು ಇಷ್ಟು. ಫ್ಲ್ಯಾಷನ್ನು 1/16, 1/32 ಪವರ್‌ಗೆ ಇಳಿಸಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400ರಿಂದ 800ಕ್ಕೆ ಏರಿಸುತ್ತೇನೆ. ಪವರ್ ಕಡಿಮೆ ಆದಷ್ಟೂ ಮಿಂಚುವ ಹೊತ್ತೂ ಕಡಿಮೆ, ಕೈ ನಡುಗಿದ್ದು ಚಿತ್ರದಲ್ಲಿ ಕಾಣುವುದಿಲ್ಲ. ಹಿನ್ನೆಲೆಯೂ ತೀರಾ ಕಗ್ಗತ್ತಲಾಗುವುದಿಲ್ಲ. ರಾತ್ರಿ ಒಂದು ಹಲ್ಲಿಗೆ ನಾಲ್ಕೈದು ಕ್ಲಿಕ್, ಆಮೇಲೆ ಮುಂದಿನ ಗೋಡೆ. ಫ್ಲ್ಯಾಷ್ ಬೇಡ ಅಂತ ಉರಿಯುವ ಎಲ್ಇಡಿ ಟಾರ್ಚನ್ನು ಐದು ನಿಮಿಷ ಮುಖಕ್ಕೆ ಹಿಡಿಯುವವರಿದ್ದಾರೆ. ಅದಕ್ಕಿಂತ ನಾಲ್ಕು ಮಿಂಚು ವಾಸಿ.

ಓಡಿಹೋಗುವ ಪ್ರಶ್ನೆಗೆ ಕ್ಯಾಮೆರಾದಲ್ಲಿ ಉತ್ತರ ಇಲ್ಲ. ನಿಮ್ಮ ನಡಿಗೆಯಲ್ಲಿದೆ. ನೇರವಾಗಿ ಬರುವುದೆಲ್ಲ ಅದಕ್ಕೆ ಬೇಟೆಗಾರ. ಹಾಗಾಗಿ ಅಡ್ಡಡ್ಡ ಹೋಗಿ, ಬೇರೆಲ್ಲೋ ಹೊರಟವರ ಹಾಗೆ. ಅದು ತಲೆ ಎತ್ತಿದಾಗ ನಿಲ್ಲಿ, ಇಳಿಸಿದಾಗ ಒಂದು ಹೆಜ್ಜೆ. ಕೊನೆಯ ಎರಡು ಮೀಟರ್ ಹೊಟ್ಟೆಯ ಮೇಲೆ. ನೆರಳು ಮಾತ್ರ ಅದರ ಮೇಲೆ ಬೀಳಲೇಬಾರದು, ಮೇಲಿಂದ ಬೀಳುವ ನೆರಳು ಅಂದರೆ ಅದರ ಪಾಲಿಗೆ ಹದ್ದು. ಇಷ್ಟೆಲ್ಲ ಮಾಡಿಯೂ ಓಡಿತಾ? ಬೆನ್ನಟ್ಟಬೇಡಿ. ಬಿಸಿಲು ಕಾಯಿಸುವ ಕಲ್ಲು ಅದಕ್ಕೆ ಸುಲಭಕ್ಕೆ ಸಿಗುವ ಆಸ್ತಿಯಲ್ಲ, ಬಹಳ ಸಲ ಅದೇ ಜಾಗಕ್ಕೆ ಮರಳುತ್ತದೆ. ಒಮ್ಮೆ ಒಂದು ಗಂಡು ಓತಿಕ್ಯಾತ ನನ್ನನ್ನು ಕಂಡದ್ದೇ ಬೇಲಿಯೊಳಗೆ ನುಗ್ಗಿತು. ನಾನು ಅದರ ಗೂಟಕ್ಕೆ ಫೋಕಸ್ ಹಿಡಿದು ಹಾಗೇ ಮಲಗಿದೆ. ಅರ್ಧ ಗಂಟೆ ಆಗಿರಬೇಕು, ಕಾಲಿಗೆ ಜೋಮು ಹಿಡಿದು ಏಳೋಣ ಅನ್ನುವಷ್ಟರಲ್ಲಿ ಗೂಟದ ಹಿಂದಿನಿಂದ ಮೊದಲು ಒಂದು ಕಣ್ಣು ಬಂತು. ನನ್ನನ್ನು ನೋಡಿತು. ಆಮೇಲೆ ಬೆರಳು, ಆಮೇಲೆ ಪೂರ್ತಿ ಮೈ. ಮೇಲೆ ಹತ್ತಿ ಕೂತು ನಾಲ್ಕು ದಂಡ ಹೊಡೆದು, ಗಂಟಲು ಕೆಂಪಗೆ ಮಾಡಿಕೊಂಡು, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಇರುವೆ ಹೆಕ್ಕತೊಡಗಿತು. ಆವತ್ತಿನ ಚಿತ್ರಗಳಿಗೆ ಕ್ರಾಪ್ ಕೂಡ ಬೇಕಾಗಲಿಲ್ಲ.

ಬೆಳಿಗ್ಗೆ ಬಿಸಿಲು ಈಗಷ್ಟೇ ತಾಗುತ್ತಿರುವ ಹೊತ್ತು ಸುಲಭ ಅನ್ನುತ್ತಾರೆ. ಸುಲಭ ಹೌದು, ಮೈ ಇನ್ನೂ ಬಿಸಿಯಾಗಿರುವುದಿಲ್ಲ. ಆದರೆ ಆ ಹೊತ್ತಿನ ಬಿಸಿಲೇ ಅದರ ದಿನದ ಬಂಡವಾಳ. ನಾಲ್ಕು ಸಲ ಎಬ್ಬಿಸಿ ಓಡಿಸಿದರೆ ಅದರ ಬೆಳಗು ಹಾಳು. ರಾತ್ರಿ ಓತಿಗಳು, ಗೋಸುಂಬೆಗಳು ತೆಳ್ಳನೆ ಕಡ್ಡಿಯ ತುದಿಯಲ್ಲಿ ಮಲಗಿರುತ್ತವೆ, ಹಾವು ಹತ್ತಿದರೆ ಕಡ್ಡಿ ಅಲುಗಿ ಎಚ್ಚರವಾಗಲಿ ಅಂತ. ಆ ಕಡ್ಡಿಯನ್ನು ನೀವು ಅಲುಗಿಸಿದರೂ ಅದಕ್ಕೆ ಹಾವೇ. ನಾನು ಕಲಿಯುವ ದಿನಗಳಲ್ಲಿ ಹಿನ್ನೆಲೆ ಚೆನ್ನಾಗಿಲ್ಲ ಅಂತ ಮಲಗಿದ್ದ ಮರಿ ಓತಿಯ ಕಡ್ಡಿಯನ್ನು ಎರಡು ಬೆರಳಲ್ಲಿ ಸ್ವಲ್ಪ, ಸ್ವಲ್ಪವೇ, ಬಾಗಿಸಿದೆ. ಟಪ್ ಅಂತ ಕೆಳಗೆ ಬಿತ್ತು. ತರಗೆಲೆಯಲ್ಲಿ ಟಾರ್ಚ್ ಹಾಕಿ ಹುಡುಕಿದೆ, ಸಿಗಲಿಲ್ಲ, ಕತ್ತಲಲ್ಲಿ ನೆಲದ ಮೇಲೆ ಅದರ ಗತಿ ಏನಾಯಿತೋ. ಅವತ್ತಿನಿಂದ ಕಡ್ಡಿ ಮುಟ್ಟುವುದಿಲ್ಲ. ಅಡ್ಡ ಬರುವ ಹುಲ್ಲನ್ನೂ ಕೀಳುವುದಿಲ್ಲ, ಕ್ಲಿಪ್ ಹಾಕಿ ಪಕ್ಕಕ್ಕೆ ಹಿಡಿದು, ಹೊರಡುವಾಗ ಬಿಡುತ್ತೇನೆ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ಕೂರಿಸಬೇಕು, ಪ್ರಾಣಿ ಆಚೆ ಬಂದಿದ್ದರೆ ಮೊದಲು ಕಲ್ಲು ಇಟ್ಟು ಆಮೇಲೆ ಅದೇ ಒಳಗೆ ನುಸುಳಲು ಬಿಡಬೇಕು.

1:1ರ ಹುಚ್ಚು ತೀರಲಿಲ್ಲ ಅಂದರೆ ಒಂದು ಉಪಾಯ. ರಾತ್ರಿ ದೀಪಕ್ಕೆ ಬರುವ ಹುಳ ತಿನ್ನಲು ಹಲ್ಲಿ ಕಿಟಕಿ ಗಾಜಿನ ಹೊರಗೆ ಅಂಟಿಕೊಂಡಿರುತ್ತದಲ್ಲ, ನೀವು ಒಳಗಿನಿಂದ ತೆಗೆಯಿರಿ. ಗಾಜು ಒರೆಸಿ, ಲೆನ್ಸನ್ನು ಗಾಜಿಗೆ ನೇರ ಹಿಡಿದು, ಫ್ಲ್ಯಾಷನ್ನು ಓರೆಯಿಂದ ಬಿಡಿ. ಅಂಗಾಲಿನ ಪಟ್ಟೆಪಟ್ಟೆ ಮಡಿಕೆಗಳೆಲ್ಲ ಒಂದೇ ಮಟ್ಟದಲ್ಲಿ, ಮೂಲೆಯಿಂದ ಮೂಲೆಗೆ ಶಾರ್ಪ್. ಅದನ್ನು ಅಂಟಿಸಿರುವ ಕೂದಲುಗಳು ಮಾತ್ರ ಕಾಣಿಸವು, ಅವುಗಳ ತುದಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾತ್ರ ಸಿಗುವಷ್ಟು ಸಣ್ಣದು. ಗಾಜು ನಡುವೆ ಇರುವುದರಿಂದ ಹಲ್ಲಿಯೂ ನಿರಾಳ.

ಚಿಕ್ಕ ಹಾವಿನ ಆಸೆಗೆ ಸ್ವಲ್ಪ ತಣ್ಣೀರು ಹಾಕುತ್ತೇನೆ, ಕ್ಷಮಿಸಿ. ಚಿಕ್ಕದು ಅಂದರೆ ಸಾಧು ಅಂತಲ್ಲ. ಗರಗಸ ಮಂಡಲ ಸಾಮಾನ್ಯವಾಗಿ 30ರಿಂದ 60 ಸೆಂ.ಮೀ. ಇರುತ್ತದೆ, ಅಷ್ಟರಲ್ಲೇ ಜೀವ ತೆಗೆಯುತ್ತದೆ. ಮರಿಹಾವಿನ ವಿಷವೇ ದೊಡ್ಡದಕ್ಕಿಂತ ಅಪಾಯ ಅನ್ನುವ ಮಾತೂ ಓಡಾಡುತ್ತದೆ. ದೊಡ್ಡ ಹಾವು ಬಿಡುವ ವಿಷದ ಪ್ರಮಾಣ ಜಾಸ್ತಿ, ಅದೇ ಹೆಚ್ಚು ಅಪಾಯ, ಆದರೆ ಮರಿಯ ವಿಷವೂ ವಿಷವೇ. ಮಂಡಲಗಳು ಎರಗಿ ಮುಗಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು, ಗೇಣು ದೂರದಲ್ಲಿ ಮುಖ ಇಟ್ಟು ವ್ಯೂಫೈಂಡರ್ ನೋಡುತ್ತಿರುವವರಿಗೆ ಹಿಂದೆ ಸರಿಯುವ ಸಮಯವೇ ಇಲ್ಲ. ಜಾತಿ ನೂರಕ್ಕೆ ನೂರು ಗೊತ್ತಿಲ್ಲದಿದ್ದರೆ ವಿಷದ್ದು ಅಂತಲೇ ತಿಳಿದು, ಹಾವಿನ ಉದ್ದಕ್ಕಿಂತ ಬಹಳ ಜಾಸ್ತಿ ದೂರ ನಿಂತು, ಟೆಲಿ ಲೆನ್ಸಿನಲ್ಲಿ ತೆಗೆಯಿರಿ. ಒಬ್ಬರೇ ಹೋಗಬೇಡಿ. ಕಡ್ಡಿಯಲ್ಲಿ ತಿವಿದು ಹೆಡೆ ಎತ್ತಿಸುವವರ ಜೊತೆಯಂತೂ ಹೋಗಲೇಬೇಡಿ. ಹಾವುರಾಣಿಗೆ ವಿಷ ಅನ್ನುವುದು ಮಾತ್ರ ಬರೀ ಮಾತು, ಅದಕ್ಕೆ ವಿಷವಿಲ್ಲ.

ಫೋಟೋ ಹಾಕುವಾಗ ಲೊಕೇಶನ್ ತೆಗೆದುಬಿಡಿ, ಚಿತ್ರದೊಳಗೆ ಅಡಗಿರುವ ಜಿಪಿಎಸ್ ಸಮೇತ. ಸಾಮಾನ್ಯ ಹಲ್ಲಿಗೆ ಇದು ಅತಿಯಾಯಿತು ಅನ್ನಿಸಬಹುದು. ಗೋನಿಯುರೊಸಾರಸ್ ಲೂಯಿ ಅನ್ನುವ ಗುಹೆಹಲ್ಲಿಯನ್ನು ದಕ್ಷಿಣ ಚೀನಾದಿಂದ 1999ರಲ್ಲಿ ವಿಜ್ಞಾನಿಗಳು ವಿವರಿಸಿದರು. ಸಿಗುವ ಜಾಗ ಗೊತ್ತಾದದ್ದೇ ತಡ, ಸಾಕುವವರಿಗೆ ಮಾರಲು ಹಿಡಿದು ಹಿಡಿದು ಕೆಲವೇ ವರ್ಷಗಳಲ್ಲಿ ಅದು ಮೊದಲು ಸಿಕ್ಕ ಜಾಗದಲ್ಲೇ ಇಲ್ಲವಾಯಿತು. ನಿಮಗೆ ಸಿಕ್ಕದ್ದು ಅಪರೂಪದ್ದೋ ಅಲ್ಲವೋ ನೋಡಿದ ತಕ್ಷಣ ನಿಮಗೇ ಗೊತ್ತಿರುವುದಿಲ್ಲ.

ಕೊನೆಗೆ ನಿಮ್ಮ ಎರಡು ಫೋಟೋ. ಮೊದಲನೆಯದರಲ್ಲಿ ಓತಿ ನಗುತ್ತಿಲ್ಲ. ಸೆಕೆ ಜಾಸ್ತಿಯಾದಾಗ ಕೂಡ ಬಾಯಿ ತೆರೆಯುತ್ತವೆ, ಆದರೆ ನಿಮ್ಮದರಲ್ಲಿ ಮೈ ಉಬ್ಬಿದೆ, ಗಂಟಲು ಇಳಿಬಿದ್ದಿದೆ, ಮುಂಗಾಲು ನೆಟ್ಟಗಾಗಿದೆ. ಇನ್ನೊಂದು ಹೆಜ್ಜೆ ಇಟ್ಟರೆ ಕಚ್ಚುತ್ತೇನೆ ಅನ್ನುತ್ತಿದೆ. ಫೋಟೋ ಚೆನ್ನಾಗಿದೆ, ಶೀರ್ಷಿಕೆ ಬದಲಿಸಿ.

ಎರಡನೆಯದನ್ನು ದಯವಿಟ್ಟು ಡಿಲೀಟ್ ಮಾಡಬೇಡಿ. ಕಣ್ಣು ತಪ್ಪಿ ಫೋಕಸ್ ನೆತ್ತಿಗೆ ಬಿದ್ದಿದೆ ಅಂದಿರಲ್ಲ, ಪೂರ್ತಿ ದೊಡ್ಡದು ಮಾಡಿ ನೋಡಿ. ಎರಡು ಕಣ್ಣುಗಳ ಸ್ವಲ್ಪ ಹಿಂದೆ, ತಲೆಯ ನಟ್ಟನಡುವೆ, ಉಳಿದವಕ್ಕಿಂತ ಬೇರೆಯಾಗಿ ಕಾಣುವ ಒಂದು ಹುರುಪೆ ಇದೆ. ಅದರ ಮಧ್ಯೆ ಸಾಸಿವೆಗಿಂತ ಚಿಕ್ಕದೊಂದು ಮಸುಕು ಚುಕ್ಕೆ. ಅದು ಓತಿಯ ಮೂರನೇ ಕಣ್ಣು. ಚಿತ್ರ ಕಾಣುವುದಿಲ್ಲ ಅದಕ್ಕೆ, ಬೆಳಕು ನೆರಳು ಗೊತ್ತಾಗುತ್ತದೆ. ಹಲ್ಲಿಗಳಿಗೆ ಇದು ಇಲ್ಲ, ಓತಿಗಳಿಗೆ ಇದೆ. ನಿಮ್ಮ ಚಿತ್ರದಲ್ಲಿ ಅದು ಗಾಜಿನ ಹನಿಯ ಹಾಗೆ ಶಾರ್ಪ್ ಆಗಿ ಬಂದಿದೆ, ಅದರ ಮೇಲೆ ನಿಮ್ಮ ಫ್ಲ್ಯಾಷ್‌ನ ಚೌಕವೂ ಸಣ್ಣಗೆ ಕಾಣುತ್ತಿದೆ.